ಕೋಲಾರದ ಮಕ್ಕಳ ಐಸಿಯು: ಸಿಸ್ಟರ್‌ಗಳಿಗೆ 5 ಸ್ಟಾರ್, ಆಸ್ಪತ್ರೆಗೆ ಮೂರೂವರೆ

ಆಸ್ಪತ್ರೆ ಹೆಸರು ಹಾಕಲ್ಲ, ಹೊಗಳಿದ್ರೆ ದುಡ್ಡು ತಗೊಂಡು ಬರೆದ ಅಂತಾರೆ, ಬೈದ್ರೆ ಬಿಲ್ ಕಟ್ಟೋಕಾಗದೆ ಬೈತಾನೆ ಅಂತಾರೆ. ಕೋಲಾರದ ಒಂದು ಪ್ರೈವೇಟ್ ಆಸ್ಪತ್ರೆ ಅಷ್ಟೇ ಇಟ್ಕೊಳಿ. ಅಕ್ಕನ ಮಗ, ಒಂಬತ್ತು ವರ್ಷ, ಅಲ್ಲಿ ಮಕ್ಕಳ ಐಸಿಯುನಲ್ಲಿ ವಾರದ ಮೇಲೆ ವೆಂಟಿಲೇಟರ್‌ನಲ್ಲಿದ್ದ. ಈಗ ಆರಾಮಾಗಿದಾನೆ, ಮೊನ್ನೆ ಪಕ್ಕದ ಮನೆ ಕಿಟಕಿ ಗಾಜಿಗೆ ಬಾಲ್ ಹೊಡೆದು ಬೈಸ್ಕೊಂಡಿದಾನೆ.

ಶ್ರೀನಿವಾಸಪುರ ಕಡೆ ತೋಟದ ಮನೆ, ಸೆಕೆ ಅಂತ ನೆಲದ ಮೇಲೆ ಮಲಗಿದ್ದ, ಕಟ್ಟುಹಾವು ಕಚ್ಚಿದೆ. ಈ ಹಾವು ಕಚ್ಚಿದ್ರೆ ಸಾಮಾನ್ಯವಾಗಿ ಅಷ್ಟೇನೂ ನೋವೂ ಇರಲ್ಲ ಊತನೂ ಬರಲ್ಲ, ಬೆಳಗಿನ ಜಾವ ಹೊಟ್ಟೆನೋವು ಅಂದ, ಆಮೇಲೆ ರೆಪ್ಪೆ ಎತ್ತೋಕಾಗ್ತಿಲ್ಲ, ಎಂಜಲು ನುಂಗೋಕಾಗ್ತಿಲ್ಲ. ಹಾವಿನ ಇಂಜೆಕ್ಷನ್ ಕೊಟ್ರು, ಆದ್ರೆ ವಿಷ ಒಂದ್ಸಲ ನರದ ತುದಿನ ಹಾಳು ಮಾಡಿದ ಮೇಲೆ ಇಂಜೆಕ್ಷನ್‌ನಿಂದ ತಕ್ಷಣ ಸರಿಹೋಗಲ್ವಂತೆ, ಅದು ತಾನಾಗೇ ಚಿಗುರಬೇಕು, ಅಲ್ಲಿವರೆಗೂ ಉಸಿರಾಟ ಮಷಿನ್ದೇ. ಡಾಕ್ಟರ್ ಮೇಡಂ ಭಾವನ ಹತ್ರ ನೇರವಾಗಿ ಹೇಳಿದ್ರು, "ನೋಡಿ ಸಾರ್, ಹುಡುಗನ ಲಂಗ್ಸ್ ಚೆನ್ನಾಗೇ ಇದೆ, ಉಸಿರೆಳೆಯೋ ಶಕ್ತಿ ಮಾತ್ರ ಇಲ್ಲ. ಇನ್ಮೇಲೆ ನಮ್ಮ ಹೋರಾಟ ಇಲ್ಲಿ ನ್ಯುಮೋನಿಯಾ ಹತ್ತದೆ ಇರೋ ಹಾಗೆ ನೋಡ್ಕೊಳೋದು."

ನನಗೆ ಅಲ್ಲಿವರೆಗೂ ನ್ಯುಮೋನಿಯಾ ಅಂದ್ರೆ ವೆಂಟಿಲೇಟರ್ ಹಾಕ್ಸೋ ಕಾಯಿಲೆ, ವೆಂಟಿಲೇಟರ್‌ನಿಂದಾನೇ ನ್ಯುಮೋನಿಯಾ ಬರುತ್ತೆ ಅಂತ ಯಾರಿಗ್ರೀ ಗೊತ್ತು. ಮಷಿನ್ ಗಾಳಿ ಹೋಗೋಕೆ ಶ್ವಾಸನಾಳಕ್ಕೆ ಟ್ಯೂಬ್ ಹಾಕಿ 48 ಗಂಟೆ ಆದ್ಮೇಲೆ ಹೊಸದಾಗಿ ಬಂದ್ರೆ ಅದಕ್ಕೇ ಬೇರೆ ಹೆಸರು, ವಿಎಪಿ ಅಂತಾರೆ, ವೆಂಟಿಲೇಟರ್ ಅಸೋಸಿಯೇಟೆಡ್ ನ್ಯುಮೋನಿಯಾ. ಟ್ಯೂಬ್ ಇರೋವಾಗ ಕೆಮ್ಮೋಕಾಗಲ್ಲ, ಗಂಟಲಿನ ಬಾಗಿಲು ಮುಚ್ಚಲ್ಲ, ಬಾಯಲ್ಲಿ ನಿಂತ ಎಂಜಲು ಅದರಲ್ಲಿರೋ ಕ್ರಿಮಿ ಸಮೇತ ಟ್ಯೂಬ್ ಪಕ್ಕದಲ್ಲೇ ಮೆತ್ತಗೆ ಶ್ವಾಸಕೋಶಕ್ಕೆ ಇಳಿಯುತ್ತೆ. ಐಸಿಯು ಕ್ರಿಮಿಗಳಂತೂ ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಅಂತ, ಎಷ್ಟೋ ಆಂಟಿಬಯಾಟಿಕ್‌ಗೆ ಬಗ್ಗಲ್ಲ.

ಸರಿ, ಈಗ ರಿವ್ಯೂ. ಮಷಿನ್ ಯಾವ ಕಂಪನಿದು ಅಂತ ನಾನು ನೋಡ್ಲಿಲ್ಲ, ಬಹುಶಃ ಅದು ಅಷ್ಟು ಮುಖ್ಯನೂ ಅಲ್ಲ. ನಾನು ಗಾಜಿನ ಆಚೆ ನಿಂತು ದಿನಾ ನೋಡಿದ್ದು ಸಿಸ್ಟರ್‌ಗಳ ಕೆಲಸ, ಅದೆಲ್ಲ ಎಷ್ಟು ಚಿಕ್ಕ ಚಿಕ್ಕ ಕೆಲಸ ಅಂದ್ರೆ ಮೊದಲು ಇದಕ್ಕಾ ಇಷ್ಟು ದುಡ್ಡು ಅನ್ನಿಸ್ತು.

ಹಾಸಿಗೆ ತಲೆಭಾಗ ಯಾವಾಗ್ಲೂ ಎತ್ತರದಲ್ಲಿ, 30 ಡಿಗ್ರಿಗಿಂತ ಕೆಳಗೆ ಇಳಿಸ್ತಿರ್ಲಿಲ್ಲ, ಮಂಚದ ಪಕ್ಕದಲ್ಲೇ ಗುರುತು ಇತ್ತು. ಹುಡುಗ ಜಾರಿ ಕೆಳಗೆ ಬರೋನು, ಇಬ್ಬರು ಸೇರಿ ಮತ್ತೆ ಮೇಲಕ್ಕೆ ಎಳೆಯೋರು, ಹಾಗೆ ಎಳೆಯೋಕೆ ಮುಂಚೆ ಬಾಯಿ ಸಕ್ಷನ್ ಮಾಡಿ ಎಂಜಲು ತೆಗೆಯೋರು. ಅಕ್ಕ "ಪಾಪ ಕತ್ತು ನೋಯುತ್ತೆ, ಸ್ವಲ್ಪ ಮಟ್ಟಸ ಮಲಗಿಸಿ ಸಿಸ್ಟರ್" ಅಂತ ಅತ್ಲು, ಒಪ್ಪಲಿಲ್ಲ, ಮೂಗಿನ ಪೈಪಲ್ಲಿ ಹಾಲು ಹೋಗ್ತಿದೆ, ಮಟ್ಟಸ ಮಲಗಿಸಿದ್ರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗುತ್ತೆ ಅಂದ್ರು.

ಬಾಯಿ ವಿಷ್ಯ ಇನ್ನೂ ಇದೆ. ಪುಟ್ಟ ಬ್ರಷ್ ತಗೊಂಡು ಹಲ್ಲು ಉಜ್ಜಿ, ಒಸಡು ಒರೆಸಿ, ತುಟಿಗೆ ಏನೋ ಹಚ್ಚಿ, ದಿನಕ್ಕೆ ಹಲವು ಸಲ. ನನ್ನ ಫ್ರೆಂಡ್ ಮೆಡಿಕಲ್ ಸ್ಟೋರ್ ಇಟ್ಟಿರೋನು, ಕ್ರಿಮಿ ಕೊಲ್ಲೋ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಹಾಕಲ್ವಾ ಅಂತ ಕೇಳಿದ. ಮೇಡಂ ಅಂದ್ರು ಮಕ್ಕಳಲ್ಲಿ ಅದರಿಂದ ಲಾಭ ಅಂತ ಸಾಬೀತಾಗಿಲ್ಲ, ದೊಡ್ಡವರಿಗೇ 2022ರ ಅಮೆರಿಕದ ಗೈಡ್‌ಲೈನ್ ಅದು ಬೇಡ ಬ್ರಷ್ ಮಾಡಿ ಅನ್ನುತ್ತೆ. ನಮ್ಮ ಅಜ್ಜಿ ಅರ್ಧ ತೆಲುಗು ಅರ್ಧ ಕನ್ನಡ, ಹಾವು ಚೇಳು ಅಂದ್ರೆ ಚೇಳಮ್ಮನೇ ಕಾಯ್ಬೇಕು ಅಂತ ಆ ದೇವಿ ಇರೋ ಕೋಲಾರಮ್ಮನ ಗುಡಿಗೆ ಹೋಗಿ ತೀರ್ಥ ಕುಂಕುಮ ತಂದಿದ್ರು, ತೀರ್ಥ ಬಾಯಿಗೆ ಎರಡು ಹನಿ ಬಿಡ್ತೀನಿ ಅಂತ ಹಠ. ಕೇರಳದ ಸಿಸ್ಟರ್ ಒಂದು ಮಾತು ಬೈಯದೆ "ಅಜ್ಜಿ, ಬಾಯಿಗೆ ಬೇಡ, ಕುಂಕುಮ ಹಣೆಗೆ ಇಡಿ, ಕೈಗೆ ಮೊದಲು ಇದು ಹಚ್ಕೊಳಿ" ಅಂತ ಸ್ಯಾನಿಟೈಸರ್ ಒತ್ತಿ ಕೊಟ್ರು. ಆ ಒಂದು ಸಾಲಿಗೇ ನಾನು 5 ಸ್ಟಾರ್ ಕೊಡ್ತೀನಿ. ಕೈ ತೊಳೆಯೋ ವಿಷ್ಯದಲ್ಲಿ ಸೀನಿಯರ್ ಡಾಕ್ಟರ್‌ನೂ ಬಿಡ್ತಿರ್ಲಿಲ್ಲ, ಒಂದು ಮಂಚದಿಂದ ಇನ್ನೊಂದಕ್ಕೆ ಹೋಗೋವಾಗ ಮರೆತ್ರೆ "ಸಾರ್" ಅಂತ ಬಾಟಲ್ ತೋರ್ಸೋರು.

ಟ್ಯೂಬ್ ಸುತ್ತ ಒಳಗಡೆ ಒಂದು ಸಣ್ಣ ಬಲೂನು ಇರುತ್ತಂತೆ, ಅದರ ಗಾಳಿನ ಗಡಿಯಾರದ ಥರದ ಮೀಟರ್ ಇಟ್ಟು ಅಳೆಯೋರು, 20ರಿಂದ 25 ಸೆಂಟಿಮೀಟರ್ ನೀರಿನ ಒತ್ತಡ. ಕಮ್ಮಿ ಆದ್ರೆ ಎಂಜಲು ಸೋರುತ್ತೆ, ಜಾಸ್ತಿ ಆದ್ರೆ ಶ್ವಾಸನಾಳ ಹುಣ್ಣಾಗುತ್ತೆ. ಮಷಿನ್ ಪೈಪಲ್ಲಿ ನಿಂತ ನೀರನ್ನ ಹುಡುಗನ ಕಡೆ ವಾಲದ ಹಾಗೆ ಹಿಡಿದು ಖಾಲಿ ಮಾಡೋರು. ಭಾವನಿಗೆ ಅನುಮಾನ, ದಿನಾ ಹೊಸ ಪೈಪ್ ಯಾಕೆ ಹಾಕಲ್ಲ, ಉಳಿಸ್ತಿದಾರೆ ಅಂತ. ಗಲೀಜಾದ್ರೆ ಅಥವಾ ಕೆಟ್ರೆ ಮಾತ್ರ ಬದಲಾಯಿಸ್ಬೇಕು, ಸುಮ್ನೆ ಬಿಚ್ಚಿ ಬಿಚ್ಚಿ ಹಾಕಿದ್ರೆ ಏನೂ ಲಾಭ ಇಲ್ಲ ಅಂದ್ರು. ಸಕ್ಷನ್ ಕೂಡ ಪೈಪ್ ಬಿಚ್ಚದೆ ಒಳಗಿಂದಾನೇ ಮಾಡೋ ಥರದ್ದು.

ನಮ್ಮ ದೊಡ್ಡಪ್ಪ ಒಬ್ರು, ಮುಂಚೆನೇ ಒಂದು ಪವರ್‌ಫುಲ್ ಆಂಟಿಬಯಾಟಿಕ್ ಹಾಕ್ಬಿಡಿ ನ್ಯುಮೋನಿಯಾ ಬರೋದೇ ಇಲ್ಲ ಅಂತ ಜೋರು ಮಾಡಿದ್ರು. ಮೇಡಂ ಬಗ್ಗಲಿಲ್ಲ, ಹಾಗೆ ಕೊಟ್ರೆ ಸಾಧಾರಣ ಕ್ರಿಮಿ ಸತ್ತು ಹಠಮಾರಿಗಳೇ ಉಳೀತವೆ ಅಂದ್ರು. ಬೇರೆ ಕಡೆ ಆಗಿದ್ರೆ ದೊಡ್ಡಪ್ಪನ ಗಲಾಟೆಗೆ ಹೆದರಿ ಕೊಟ್ಬಿಡೋರೇನೋ.

ಎಲ್ಲಕ್ಕಿಂತ ಇಷ್ಟ ಆಗಿದ್ದು, ಪ್ರತಿ ದಿನ ಬೆಳಿಗ್ಗೆ ನಿದ್ದೆ ಔಷಧಿ ಕಮ್ಮಿ ಮಾಡಿ ಇವತ್ತು ಟ್ಯೂಬ್ ತೆಗೀಬಹುದಾ ಅಂತ ನೋಡೋರು, ಟ್ಯೂಬ್ ಎಷ್ಟು ದಿನ ಇರುತ್ತೋ ಅಪಾಯನೂ ಅಷ್ಟು ಬೆಳೆಯುತ್ತೆ ಅಂತ. "ಪುಟ್ಟಾ, ದಿಂಬಿಂದ ತಲೆ ಎತ್ತು ನೋಡೋಣ" ಅಂತ ಕೇಳೋರು. ಈ ವಿಷದಲ್ಲಿ ಮೈ ಅಲ್ಲಾಡಲ್ಲ ಆದ್ರೆ ಬುದ್ಧಿ ಎಚ್ಚರ ಇರಬಹುದಂತೆ, ಅದಕ್ಕೇ ಸೂಜಿ ಚುಚ್ಚೋ ಮುಂಚೆನೂ ಅವನಿಗೆ ಹೇಳೇ ಚುಚ್ಚೋರು. ಒಂದು ದಿನ ತಲೆ ಎತ್ತಿದ. ಟ್ಯೂಬ್ ತೆಗೆದ್ಮೇಲೆ ಗಂಟಲು ಗೊರಗೊರ, ಜ್ವರ ಇಲ್ಲ, ಎಕ್ಸ್‌ರೇ ಕ್ಲಿಯರ್.

ಈಗ ಕಟ್ ಮಾಡಿದ ಸ್ಟಾರ್‌ಗಳು. ಒಂದು ಭಾನುವಾರ ಸಿಸ್ಟರ್‌ಗಳು ಕಮ್ಮಿ ಇದ್ರು, ಒಬ್ಬರ ತಲೆ ಮೇಲೆ ಮೂರು ನಾಲ್ಕು ಮಕ್ಕಳು. ಸಂಜೆ ನಾಲ್ಕಕ್ಕೆ ಒಳಗೆ ಹೋದಾಗ ಮಂಚಕ್ಕೆ ತಗುಲಿಸಿದ್ದ ಚಾರ್ಟ್ ನೋಡ್ತೀನಿ, ಆರು ಗಂಟೆ ಬಾಯಿ ಕ್ಲೀನಿಂಗ್ ಕಾಲಂಗೂ ಆಗಲೇ ಟಿಕ್! ಫೋಟೋ ತೆಗೆದು ಮೇಡಂಗೆ ತೋರಿಸ್ದೆ, ಮುಖ ಕೆಂಪಾಯ್ತು, ಮಾರನೇ ದಿನದಿಂದ ಟಿಕ್ ಬದಲು ಟೈಮ್ ಬರೆದು ಸೈನ್ ಮಾಡೋ ಚಾರ್ಟ್ ಬಂತು. ತಪ್ಪು ಟಿಕ್ ಹಾಕಿದ ಸಿಸ್ಟರ್‌ದಲ್ಲ, ಭಾನುವಾರ ಜನ ಉಳಿಸೋ ಮ್ಯಾನೇಜ್‌ಮೆಂಟ್‌ದು. ಇನ್ನೊಂದು, ಸಾವಿರ ವೆಂಟಿಲೇಟರ್ ದಿನಕ್ಕೆ (ಒಂದು ಮಗು ಒಂದು ದಿನ ವೆಂಟಿಲೇಟರ್‌ನಲ್ಲಿದ್ರೆ ಅದು ಒಂದು ದಿನ) ಎಷ್ಟು ಮಕ್ಕಳಿಗೆ ಈ ನ್ಯುಮೋನಿಯಾ ಬರುತ್ತೆ ಅಂತ ಆಸ್ಪತ್ರೆಗಳು ಲೆಕ್ಕ ಇಡ್ತವೆ, ನಿಮ್ದು ಎಷ್ಟು ಅಂದ್ರೆ ಆಫೀಸಿನೋರು "ಅದೆಲ್ಲ ಇಂಟರ್ನಲ್ ಸಾರ್". ಯಾಕೆ ಇಂಟರ್ನಲ್? ಚೆನ್ನಾಗಿದ್ರೆ ಬೋರ್ಡ್ ಹಾಕ್ಕೊಳಿ.

ಕಾಯೋರಿಗೆ ಚೇರ್ ಸಾಲಲ್ಲ, ಕ್ಯಾಂಟೀನ್ ಸಾಂಬಾರ್ ಬರೀ ನೀರು, ರಾತ್ರಿ ಒಂಬತ್ತಾದ್ರೆ ಟೀನೂ ಇಲ್ಲ. ಬಿಪಿಎಲ್ ಕಾರ್ಡ್ ಇರೋರು ಅಡ್ಮಿಟ್ ಆಗೋ ದಿನಾನೇ ಆರೋಗ್ಯ ಕರ್ನಾಟಕ ಡೆಸ್ಕಲ್ಲಿ ಕೇಳಿ, ಆಮೇಲೆ ಓಡಾಡಿಸ್ತಾರೆ. ಬಿಲ್ ನೋಡಿ ಭಾವ ಗ್ಲೌಸ್‌ಗೇ ಇಷ್ಟಾ ಅಂತ ರೇಗಿದ್ರು, ನಾನು ಕೊಡಿ ಭಾವ ಅಂದೆ, ಬದಲಾಯಿಸಿದ್ದನ್ನ ಕಣ್ಣಾರೆ ನೋಡಿದೀನಿ. ತಕರಾರು ಇರೋದು ಅದರ ಕೆಳಗಿನ "ಮಿಸಲೇನಿಯಸ್" ಅನ್ನೋ ಸಾಲಿಗೆ, ಅದೇನು ಅಂತ ಇವತ್ತಿಗೂ ಯಾರೂ ಹೇಳಿಲ್ಲ.