ಹಳೇ ರಿಗ್ಬಿ ಕೋವಿಗೆ ಬೆಲೆ ಕೇಳಲು ಹೋದಾಗ

ಅಜ್ಜನ ಕಾಲದ, ಲಂಡನ್ನಿನ ಕೋವಿ ತಯಾರಕರಾದ ರಿಗ್ಬಿ ಕಂಪನಿಯ .275 ರೈಫಲ್ಲಿಗೆ ಬೆಲೆ ಎಷ್ಟಾಗಬಹುದು ಅಂತ ಕೇಳಲು, ಕಾಗದಪತ್ರ ಸಮೇತ ಮಡಿಕೇರಿಯ ಕೋವಿ ಅಂಗಡಿಯೊಂದಕ್ಕೆ ಹೋಗಿದ್ದೆ. ಇಷ್ಟು ತಾಳ್ಮೆಯಿಂದ ನೋಡುವವರು ಸಿಗೋದು ಕಷ್ಟ. ಮೊದಲು ಬೋಲ್ಟ್ ತೆಗೆದು ಒಳಗೆ ತೋಟಾ ಇಲ್ಲ ಅಂತ ಖಾತ್ರಿ ಮಾಡಿಕೊಂಡರು, ಆಮೇಲೆ ನಳಿಗೆ ಮೇಲಿನ ಹೆಸರು, ಕೋವಿಗಳ ಗಟ್ಟಿತನ ಪರೀಕ್ಷಿಸುವ ಲಂಡನ್ ಪ್ರೂಫ್ ಹೌಸಿನ ಮುದ್ರೆ, ಸೀರಿಯಲ್ ನಂಬರು ಎಲ್ಲವನ್ನೂ ಭೂತಗನ್ನಡಿ ಹಿಡಿದು ಓದಿದರು. ಇದಕ್ಕೆ ಹಾಕುವುದು 7×57 ಮೌಸರ್ ತೋಟಾನೇ, ಹೆಸರು ಮಾತ್ರ ರಿಗ್ಬಿಯವರದು ಅಂತಲೂ ತಿಳಿಸಿದರು. ನಂಬರು ಕಳಿಸಿದರೆ ರಿಗ್ಬಿ ಕಂಪನಿಯವರು ಹಳೇ ಲೆಡ್ಜರ್ ಹುಡುಕಿ ವಿವರ ಕೊಡುತ್ತಾರಂತೆ. ಆ ದಾಖಲೆ ಜೊತೆಗಿದ್ದರೆ ಬೆಲೆ ಜಾಸ್ತಿ.

ನನಗೆ ತುಂಬಾ ಹಿಡಿಸಿದ್ದು ಅವರ ನೇರ ಮಾತು. ನಳಿಗೆಗೆ ಹೊಸ ಬಣ್ಣ, ಮರಕ್ಕೆ ಪಾಲಿಶ್ ಮಾಡಿಸಲೇಬೇಡಿ, ಹಳೇ ಮೆರುಗು ಹೋದರೆ ಸಂಗ್ರಹಕಾರರು ಕೊಡುವ ಬೆಲೆಯೂ ಇಳಿಯುತ್ತದೆ ಅಂದರು. ತಮ್ಮ ಅಂಗಡಿಯಲ್ಲೇ ಪಾಲಿಶ್ ಕೆಲಸ ಇದ್ದರೂ ಹಾಗೆ ಹೇಳಿದರು, ದೊಡ್ಡ ವಿಷಯ ಅಲ್ವಾ? ಅಂದಾಜನ್ನು ಬರವಣಿಗೆಯಲ್ಲಿ ಕೊಡಲಿಲ್ಲ, ಅದೊಂದೇ ಕೊರತೆ. ಸುಮ್ನೆ ಫೋಟೋ ಕಳಿಸಿದರೆ ಬೆಲೆ ಹೇಳುವುದಿಲ್ಲ, ಕೋವಿಯನ್ನೇ ತೆಗೆದುಕೊಂಡು ಹೋಗಬೇಕು.