ಐವತ್ತು ದಾಟಿದ ಮೇಲೆ ಸರ್ಕಾರಿ ಉದ್ಯೋಗ ಪೋರ್ಟಲ್ ಎನ್‌ಸಿಎಸ್ ಬಳಸಿದ ಅನುಭವ: 5ಕ್ಕೆ 3

ಅಂತರಸನಹಳ್ಳಿಯಲ್ಲಿ ನಾನು ಲೇತ್ ನಡೆಸುತ್ತಿದ್ದ ವರ್ಕ್‌ಶಾಪ್ ಬಾಗಿಲು ಹಾಕಿದಾಗ ನನಗೆ 52. ಪಿಎಫ್ ಪಿಂಚಣಿ ಪೂರ್ತಿ ಸಿಗೋದು 58ಕ್ಕೆ. ಎಚ್‌ಎಂಟಿ ವಾಚ್ ಕಾರ್ಖಾನೆ ನೋಡಿ ಬೆಳೆದ ತುಮಕೂರಿನವರು ನಾವು. ಒಂದೇ ಗೇಟಿನಲ್ಲಿ ಸೇರಿ ಅದೇ ಗೇಟಿನಿಂದ ರಿಟೈರ್ ಆಗೋದು ಅಂತಲೇ ತಿಳಿದಿದ್ದೆವು. ಕೆಲಸ ಹುಡುಕೋದು ಯಾರಿಗೆ ಗೊತ್ತಿತ್ತು?

ಕೇಂದ್ರ ಕಾರ್ಮಿಕ ಸಚಿವಾಲಯದ ಎನ್‌ಸಿಎಸ್ (ನ್ಯಾಷನಲ್ ಕೆರಿಯರ್ ಸರ್ವಿಸ್) ಪೋರ್ಟಲ್ 2015ರಿಂದ ಇದೆ. ಪೂರ್ತಿ ಉಚಿತ. ಮೊಬೈಲ್ ನಂಬರ್ ಇದ್ದರೆ ನೋಂದಣಿ ಆಗುತ್ತದೆ. ಅದರಲ್ಲಿ ನನಗೆ ದೂರಿಲ್ಲ. ಆದರೆ ಕಂಪನಿಗಳು ಹಾಕುವ ಜಾಹೀರಾತು ನೋಡಿ: ಐಟಿಐ ಪಾಸ್, ವಯಸ್ಸು 28ರ ಒಳಗೆ. ಅನುಭವ ಬೇಕು ಅಂತಲೂ ಅದರ ಕೆಳಗೇ ಬರೆದಿರುತ್ತಾರೆ!

ಸಿಎನ್‌ಸಿ, ಅಂದರೆ ಕಂಪ್ಯೂಟರ್‌ನಿಂದ ನಡೆಯುವ ಮಷೀನ್ ಕೆಲಸ ಕಲಿಯೋಣ ಅಂತ ಒಂದು ತರಬೇತಿ ಕೇಂದ್ರಕ್ಕೆ ಹೋದೆ. "ಅಂಕಲ್, ನಿಮಗೆ ವಯಸ್ಸು ಜಾಸ್ತಿ ಆಯ್ತು" ಅಂದಳು ಕೌಂಟರಿನ ಹುಡುಗಿ. ತಪ್ಪು ಅವಳದಲ್ಲ. ಕೇಂದ್ರದ ಕೌಶಲ ತರಬೇತಿ ಯೋಜನೆ ಪಿಎಂಕೆವಿವೈ 4.0ರ ಅಲ್ಪಾವಧಿ ತರಬೇತಿ 45 ವರ್ಷದವರೆಗೆ ಮಾತ್ರ. ಅದೇ ಯೋಜನೆಯಲ್ಲಿ ಆರ್‌ಪಿಎಲ್ ಅಂತ ಇದೆ, ಅದಕ್ಕೆ 59ರವರೆಗೆ ಅವಕಾಶ. ಈಗಾಗಲೇ ಕೈಯಲ್ಲಿರುವ ಕೆಲಸವನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ಇದನ್ನು ಆ ಕೇಂದ್ರದಲ್ಲಿ ಯಾರೂ ಹೇಳಲಿಲ್ಲ. ಹಳೆಯ ಸಹೋದ್ಯೋಗಿಯೊಬ್ಬರಿಂದ ಗೊತ್ತಾಯಿತು. ಹಿರಿಯರಿಗೆಂದೇ 2021ರ ಅಕ್ಟೋಬರ್ 1ರಂದು ಶುರುವಾದ 'ಸೇಕ್ರೆಡ್' ಉದ್ಯೋಗ ಪೋರ್ಟಲ್ ಇದೆಯಲ್ಲ, ಅದಕ್ಕೆ 60 ತುಂಬಿರಬೇಕು. ಅಂದರೆ 45ರಿಂದ 60ರ ನಡುವಿನವರು ಕಲಿಯೋಕೆ ಮುದುಕರು, ಹಿರಿಯ ನಾಗರಿಕರಾಗೋಕೆ ಹುಡುಗರು.

ನನ್ನ ಅಸಲು ತಕರಾರು ಇದೇ. ತರಬೇತಿ ಒಂದು ಕಡೆ, ಕೆಲಸ ಹುಡುಕಿಕೊಡೋದು ಇನ್ನೊಂದು ಕಡೆ. ಆರ್‌ಪಿಎಲ್ ಪರೀಕ್ಷೆ ಕೊಟ್ಟು ಸರ್ಟಿಫಿಕೇಟ್ ಬಂದ ಮೇಲೆ ಅದನ್ನು ಎನ್‌ಸಿಎಸ್ ಪ್ರೊಫೈಲಿಗೆ ಸೇರಿಸಿದ್ದು, ಪ್ರಿಂಟ್ ಹಿಡಿದು ಉದ್ಯೋಗ ಮೇಳಕ್ಕೆ ಹೋಗಿದ್ದು, ಎಲ್ಲ ನಾನೇ. ಈ ವಯಸ್ಸಿನವರನ್ನು ಕೂರಿಸಿಕೊಂಡು, 'ನಿಮಗೆ ಇದು ಬರುತ್ತದೆ, ಇಷ್ಟು ಕಲಿಯಿರಿ, ಇಂಥ ಕಡೆ ಕೇಳಿ' ಅಂತ ಹೇಳುವ ಒಬ್ಬ ಮನುಷ್ಯ ಇದ್ದರೆ ಸಾಕಿತ್ತು.

ಕೆಲಸ ಕೊನೆಗೆ ಮೇಳದಲ್ಲೇ ಸಿಕ್ಕಿತು. ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಘಟಕದವರು ಮೊದಲು ವಯಸ್ಸು ಕೇಳಿ ಮುಖ ನೋಡಿದರು. ಆರ್‌ಪಿಎಲ್ ಕಾಗದ ನೋಡಿದ ಮೇಲೆ ಒಂದು ಡ್ರಾಯಿಂಗ್, ಒಂದು ಪೀಸ್, ಅಳತೆ ನೋಡೋ ಮೈಕ್ರೋಮೀಟರ್ ಕೈಗೆ ಕೊಟ್ಟರು. ಈಗ ಅಲ್ಲಿ ಇನ್‌ಸ್ಪೆಕ್ಷನ್ ಕೆಲಸ. ಸಂಬಳ ಮೊದಲಿಗಿಂತ ಕಡಿಮೆ, ಆದರೆ ದಿನವಿಡೀ ಮಷೀನ್ ಮುಂದೆ ನಿಲ್ಲಬೇಕಾಗಿಲ್ಲ. ಮಂಡಿ ನೋವಿನವರಿಗೆ ಅದೂ ಒಂದು ಸಂಬಳವೇ ಅಲ್ವಾ.

ನೋಂದಣಿ ಮಾಡುವವರು ಕೆಲಸದ ಹೆಸರು 'ಟರ್ನರ್' ಅಂತ ಸುಮ್ನೆ ಒಂದೇ ಪದ ಹಾಕಬೇಡಿ. ಯಾವ ಮಷೀನ್, ಯಾವ ಅಳತೆಯ ಸಾಧನ ಬರುತ್ತದೆ ಎಲ್ಲ ಬರೆಯಿರಿ. ಹಳೆಯ ಕಂಪನಿಯಿಂದ ಸರ್ವಿಸ್ ಸರ್ಟಿಫಿಕೇಟನ್ನು ಬಾಗಿಲು ಮುಚ್ಚುವ ಮೊದಲೇ ಪಡೆದಿಟ್ಟುಕೊಳ್ಳಿ. ಅನುಮಾನವಿದ್ದರೆ ಎನ್‌ಸಿಎಸ್ ಸಹಾಯವಾಣಿ 1514.