ಪುಣೆಯ ಅಂಗಡಿಯಲ್ಲಿ ಕಲ್ಲಾದ ಮರ: ತುಂಡು ಸೊಗಸು, ಚೀಟಿ ಅರೆಬರೆ

ಪುಣೆಯ ಕ್ಯಾಂಪ್ ಪ್ರದೇಶದಲ್ಲಿ ಜಿಯೋಲೈಟ್ ಹರಳುಗಳನ್ನು ಮಾರುವ ಪುಟ್ಟ ಅಂಗಡಿಯೊಂದರಲ್ಲಿ ಕಲ್ಲಾದ ಮರದ ತುಂಡುಗಳೂ ಸಿಗುತ್ತವೆಂದು ಕೇಳಿ ಕಳೆದ ತಿಂಗಳು ಎರಡು ಬಾರಿ ಹೋಗಿದ್ದೆ. ಗಲ್ಲಾದಲ್ಲಿದ್ದವರು ಸೊಲ್ಲಾಪುರದವರಾದ್ದರಿಂದ ಮರಾಠಿಯಲ್ಲಿ ಆರಂಭವಾದ ಮಾತು ಬೇಗನೆ ಕನ್ನಡಕ್ಕೆ ಹೊರಳಿತು. "ಮೊದಲ ಕೈಯಾಗ ಹಿಡದ ನೋಡ್ರಿ, ರೊಕ್ಕದ ಮಾತು ಆಮ್ಯಾಲ" ಎಂದು ಅವರು ತುಂಡುಗಳನ್ನು ಸಾವಕಾಶವಾಗಿ ಒಂದೊಂದೇ ಮುಂದಿಟ್ಟರು.

ನಾನು 1,800 ರೂಪಾಯಿಗೆ ಕೊಂಡದ್ದು ತಾಳೆ ಜಾತಿಯ ಕಾಂಡದ, ಅಂಗೈಯಗಲದ ಅಡ್ಡಸೀಳು. ಮೆರುಗು ಅಚ್ಚುಕಟ್ಟಾಗಿದೆ, ಮಸೂರದಡಿ ಹಿಡಿದರೆ, ತೆಂಗಿನ ಮರ ಕೊಯ್ದಾಗ ಕಾಣುವ ಚುಕ್ಕೆಗಳಂತೆಯೇ ನಾಳಕೂರ್ಚಗಳು (ನೀರು, ಆಹಾರ ಸಾಗಿಸುವ ನಾಳಗಳ ಕಟ್ಟುಗಳು) ಚೆದುರಿರುವುದು ಸ್ಪಷ್ಟವಾಗಿ ಕಾಣುತ್ತದೆ. ನೀರಿನಲ್ಲಿ ಕರಗಿದ್ದ ಸಿಲಿಕಾ ಮರ ಕೊಳೆಯುವ ಮೊದಲೇ ಜೀವಕೋಶಗಳೊಳಗೆ ಇಳಿದು ಗಟ್ಟಿಯಾದ್ದರಿಂದ ಇಷ್ಟು ವಿವರ ಉಳಿದಿದೆ. ಬಹುಪಾಲು ತಾಳೆಗಳು ಹೆಪ್ಪುಗಟ್ಟಿಸುವ ಚಳಿಯನ್ನು ತಾಳಲಾರವು. ಹಾಗಾಗಿ ಈ ಮರ ಬೆಳೆದ ನೆಲದಲ್ಲಿ ಚಳಿಗಾಲ ಸೌಮ್ಯವಾಗಿತ್ತೆಂದು ಊಹಿಸಬಹುದು.

ಆದರೆ ಯಾವ ನೆಲ? ಚೀಟಿಯಲ್ಲಿ "ಭಾರತ, ಪ್ರಾಚೀನ" ಎಂದಷ್ಟೇ ಇದೆ. ನನ್ನ ಮುಖ್ಯ ತಕರಾರು ಇದೇ. ಜೈಸಲ್ಮೇರ್ ಬಳಿಯ ಆಕಲ್‌ನ ದಿಮ್ಮಿಗಳು ಇಂದಿನ ಮರುಭೂಮಿಯಲ್ಲಿ ಸುಮಾರು 18 ಕೋಟಿ ವರ್ಷಗಳ ಹಿಂದೆ ಕಾಡಿತ್ತೆಂದು ಹೇಳುವುದೂ, ಮಧ್ಯಪ್ರದೇಶದ ಘುಘುವಾದ ತಾಳೆಗಳು ಸುಮಾರು 6.5 ಕೋಟಿ ವರ್ಷಗಳ ಹಿಂದೆ ಅಲ್ಲಿ ಬೆಚ್ಚಗಿನ, ತೇವದ ಹವೆಯಿತ್ತೆಂದು ಸೂಚಿಸುವುದೂ ಅವು ಸಿಕ್ಕ ಜಾಗ ಮತ್ತು ಪದರ ತಿಳಿದಿರುವುದರಿಂದಲೇ. ಊರು ಕಳೆದುಕೊಂಡ ತುಂಡು ತನ್ನ ಜಾತಿಯನ್ನಷ್ಟೇ ಹೇಳೀತು.

ಜಾತಿಯ ವಿಷಯದಲ್ಲೂ ಅಂಗಡಿಯವರನ್ನು ನಂಬಿ ಕೊಳ್ಳುವಂತಿಲ್ಲ. ಕೆಂಪು ತುಂಡೊಂದನ್ನು ರಕ್ತಚಂದನವೆಂದು ತೋರಿಸಿದರು. ಕಲ್ಲಾದ ಮರದಲ್ಲಿ ಆ ಬಣ್ಣ ಸಾಮಾನ್ಯವಾಗಿ ಕಬ್ಬಿಣದ ಅಂಶದ್ದೇ ಹೊರತು ಮರದ್ದಲ್ಲ. ಉಂಗುರಗಳು ಎದ್ದು ಕಾಣುವ ಇನ್ನೊಂದಕ್ಕೆ "ತೇಗ" ಎಂಬ ಚೀಟಿಯಿತ್ತು. ತೇಗದ ಅಡ್ಡಸೀಳಿನಲ್ಲಿ ಉಂಗುರದ ಆರಂಭಕ್ಕೆ ದೊಡ್ಡ ರಂಧ್ರಗಳ ಸಾಲು ಬರಿಗಣ್ಣಿಗೂ ಕಾಣಬೇಕು. ಇದರಲ್ಲಿ ಮಸೂರದಡಿಯೂ ಒಂದೂ ಸಿಗಲಿಲ್ಲವಾದ್ದರಿಂದ ಅದು ಪೈನ್‌ನಂಥ ಸೂಚಿಪರ್ಣಿ ಮರವಾಗಿರಬೇಕು. ಖಚಿತಪಡಿಸಲು ಮೂರು ದಿಕ್ಕಿನಲ್ಲಿ ಕೊಯ್ದು, ಸುಮಾರು 0.03 ಮಿಲಿಮೀಟರ್ ತೆಳುವಾಗಿ ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಆ ಸೌಲಭ್ಯವನ್ನು ಇಂಥ ಅಂಗಡಿಯಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಆ ಉಂಗುರಗಳೇ ಬೆಳವಣಿಗೆಗೆ ಅನುಕೂಲವಾದ ಕಾಲ, ಪ್ರತಿಕೂಲವಾದ ಕಾಲ ಎಂಬ ಋತುಭೇದಕ್ಕೆ ಸಾಕ್ಷಿ ಎಂದು ನಾನು ವಿವರಿಸಿದಾಗ ಅವರು ಆಸಕ್ತಿಯಿಂದ ಕೇಳಿಸಿಕೊಂಡರು.

ಎರಡನೆಯ ಭೇಟಿಯಲ್ಲಿ ನೋಡಿದರೆ "ತೇಗ" ಎಂಬುದನ್ನು ಹೊಡೆದುಹಾಕಿ "ಮರ" ಎಂದು ಬರೆದಿದ್ದರು. ಬೆಲೆ ಮಾತ್ರ ತೇಗದ್ದೇ ಇತ್ತು.